ಅಳತೆ ತೆಗೆಯುವಾಗ

ನೆಟ್ಟಗೆ ನಿಲ್ಲಿ ಮಾಷ್ಟ್ರೆ, ಹೊಟ್ಟೆ ಎಳ್ಕೊಳ್ಳಬೇಡಿ.
ಎಳ್ಕೊಂಡ ಹೊಟ್ಟೆಗೆ ಹೊಲಿದ ಪ್ಯಾಂಟು
ಊಟದ ಪಂಕ್ತಿಯಲ್ಲಿ ಮಾನ ಕಳೀತದೆ.
ಸೊಂಟ ಮೂವತ್ತಾರು. ಬರ್ಕೊ ಸವಾದಾ.

ನೀವು ಸಿನಿಮಾ ನೋಡುವವರಾ?
ಹಾಗಲ್ಲ, ಹಾಡು ಬಂದಾಗ ಎದ್ದು ಹೋಗಿ
ಕಡ್ಲೆ ತರುವವರ ವಿಷಯ ಅಲ್ಲ ನಾನು ಹೇಳಿದ್ದು.

ಹೋದ ಶಾಲೆ ರಜೆಯಲ್ಲಿ
ಉದ್ದ ಕಮ್ಮಿ ಮಾಡ್ಲಿಕ್ಕೆ ಬಂದ ಒಂದು ಕಂದು ಪ್ಯಾಂಟಿನ
ಹಿಂದಿನ ಜೇಬಿನಲ್ಲಿ, ಇಷ್ಟೇ ಇಷ್ಟು,
ಕೋಟಿನ ಗುಂಡಿಗಿಂತ ಸ್ವಲ್ಪ ದೊಡ್ಡದು,
ಪೆನ್‌ಡ್ರೈವ್.
ಮೂವತ್ತೊಂದು ವರ್ಷದಲ್ಲಿ ಉಪ್ಪಳದ ಜೇಬುಗಳಲ್ಲಿ ಏನೆಲ್ಲ ಕಂಡಿದ್ದೇನೆ:
ಬಸ್ ಟಿಕೇಟು, ದುಬಾಯಿಯ ನಾಣ್ಯ, ಸೊಸೈಟಿಯ ನೋಟೀಸು,
ಒಮ್ಮೆ ಒಂದು ಹಲ್ಲು.
ಯಾವುದನ್ನೂ ಓದಿದವನಲ್ಲ, ಲಕೋಟೆಯಲ್ಲಿ ಎತ್ತಿ ಇಡುವುದು ಕ್ರಮ.
ಇದನ್ನು ಮಾತ್ರ ಸವಾದ ಟೀವಿಗೆ ಚುಚ್ಚಿಬಿಟ್ಟ.

ಮೂರು ಸಿನಿಮಾ. ಮೂರರ ಕೊನೆಗೂ
ಕೈಯಲ್ಲಿ ಬರೆದ ಒಂದೇ ಹೆಸರು: ಸುಗುಣಾ ಬೆಳ್ಚಪ್ಪಾಡ.
ಕೇಳಿದ್ದೀರಾ? ನಾನೂ ಇಲ್ಲ.
ಕೈ ಸ್ವಲ್ಪ ಮೇಲೆ.

ಮೊದಲನೆಯದರಲ್ಲಿ ಒಂದು ರೈಲ್ವೆ ಗೇಟು.
ನಾವು ಗೇಟಿಗೆ ಬೈಯುವುದು ಹೊರಗೆ ನಿಂತು.
ಈಕೆ ಕ್ಯಾಮೆರಾ ಇಟ್ಟದ್ದು ಒಳಗೆ,
ಗೇಟಿನವಳ ಸ್ಟೂಲಿನ ಎತ್ತರಕ್ಕೆ.
ಆಚೆ ಆಂಬುಲೆನ್ಸು, ಈಚೆ ಮದುವೆ ದಿಬ್ಬಣ, ಮಂಜುಗಡ್ಡೆ ಕರಗುವ ಮೀನಿನ ಲಾರಿ,
ನಾಲ್ಕು ಭಾಷೆಯಲ್ಲಿ ಬೈಗುಳ,
ಅವಳಿಗೆ ನಾಲ್ಕೂ ಅರ್ಥವಾಗ್ತದೆ, ಅದೇ ಕಷ್ಟ.
ರೈಲು ಬರುವುದೇ ಇಲ್ಲ.
ಐವತ್ತೆರಡು ನಿಮಿಷ ಮಾಷ್ಟ್ರೆ, ರೈಲು ಬರುವುದೇ ಇಲ್ಲ,
ನನ್ನ ಚಾಯ ತಣ್ಣಗಾಗಿ ಕೆನೆ ಕಟ್ಟಿತ್ತು.

ಎರಡನೆಯದರಲ್ಲಿ ವಿಲ್ಲೇಜ್ ಆಫೀಸಿನ ಜಗಲಿ.
ಅರ್ಜಿ ಬರೆದುಕೊಡುವ ಕುಂಞಣ್ಣ ಅಂತ ಒಬ್ಬರು.
ಒಬ್ಬಳು ಹೆಂಗಸು ಅಜ್ಜನ ಕಾಲದ ಕನ್ನಡ ಕಾಗದ ತಂದಿದ್ದಾಳೆ,
ಒಳಗೆ ಕೂತವರಿಗೆ ಮಲಯಾಳ ಬೇಕು.
ಬರೀತಾ ಬರೀತಾ
ಒಂದು ಶಬ್ದದ ಹತ್ತಿರ ಪೆನ್ನು ನಿಲ್ತದೆ.
ಹನ್ನೊಂದು ನಿಮಿಷ.
ಕ್ಯೂ ಕರಗ್ತದೆ, ಪ್ಯೂನ್ ಬೀಗ ತರ್ತಾನೆ.
ಯಾವ ಶಬ್ದ ಅಂತ ತೋರಿಸುವುದಿಲ್ಲ ಪುಣ್ಯಾತ್ಗಿತ್ತಿ.
ನೀವು ಕನ್ನಡ ಮಾಷ್ಟ್ರು, ನೋಡಿ ಬಂದು ನನಗೆ ಹೇಳಬೇಕು.
ರಾತ್ರಿ ಕಾಜಾ ಹಾಕುವಾಗ
ಒಂದೊಂದೇ ಶಬ್ದ ಅಲ್ಲಿ ಇಟ್ಟು ನೋಡ್ತೇನೆ,
ಯಾವುದೂ ಕೂರುವುದಿಲ್ಲ.

ಮೂರನೆಯದು? ಸುಳ್ಳು ಹೇಳುವುದಿಲ್ಲ, ಫಿಟ್ಟಿಂಗ್ ಬಂದಿಲ್ಲ.
ದುಡ್ಡು ಹಾಕಿದವರು ಪಕ್ಕದಲ್ಲಿ ನಿಂತು ಹೊಲಿಸಿದ ಹಾಗೆ ಉಂಟು,
ಬೇಡದ ಕಡೆ ಜರಿ.
ಆದರೂ ಒಂದು ಜಾಗದಲ್ಲಿ
ಒಬ್ಬಳು ಮುದುಕಿ ಲಂಗದ ಅಂಚು ಮಡಚಿ ಹೊಲೀತಾಳೆ.
ಸಿನಿಮಾದವರೆಲ್ಲ ನೂಲನ್ನು ಹಲ್ಲಲ್ಲಿ ಕಚ್ಚುವುದು.
ಇವಳು ತುದಿಯನ್ನು ಮಡಿಕೆಯ ಒಳಗೆ ಓಡಿಸಿ, ಎಳೆದು,
ಆಮೇಲೆ ಕತ್ತರಿಸ್ತಾಳೆ.
ಅದು ಯಾರೂ ಹೇಳಿಕೊಡುವ ಕೆಲಸ ಅಲ್ಲ.
ಯಾರದೋ ಮೆಷಿನಿನ ಕೆಳಗೆ
ಚಿಂದಿಯ ರಾಶಿಯಲ್ಲಿ ಆಡಿ ಬೆಳೆದ ಮಗು
ಈ ಸುಗುಣಾ ಅಂತ ನನ್ನ ಲೆಕ್ಕ.
ಲೆಕ್ಕ ತಪ್ಪಿರಲಿಕ್ಕೂ ಸಾಕು.
ಎಡಗಾಲು ಮುಂದೆ.

ಪ್ಯಾಂಟಿನವರು ಇಪ್ಪತ್ತು ದಿನ ಬಿಟ್ಟು ಬಂದರು.
“ಇದಾ? ಯಾವುದೋ ಮೀಟಿಂಗಲ್ಲಿ ಹಂಚಿದ್ದು,
ನೀವೇ ಇಟ್ಕೊಳ್ಳಿ.”
ಬಾಯಿಗೆ ಬಂದದ್ದನ್ನು
ಗುಂಡುಸೂಜಿಗಳ ಜೊತೆ ತುಟಿಯಲ್ಲೇ ಹಿಡ್ಕೊಂಡೆ.

ಅಂದಿನಿಂದ ಹತ್ತೊಂಬತ್ತು ಮಂದಿಗೆ ಕೊಟ್ಟಿದ್ದೇನೆ.
ಬ್ಯಾಂಕಿನ ಶೆಟ್ರು ಒಳ್ಳೆ ನಿದ್ದೆ ಬಂತು ಅಂದರು.
ಮೀನಿನ ವಾರಿಜಕ್ಕ ಏನೂ ಹೇಳಲಿಲ್ಲ,
ಮರುದಿನ ನಮ್ಮ ಗೇಟಿನವಳಿಗೆ
ಎರಡು ಬಂಗುಡೆ ಹೆಚ್ಚು ಹಾಕಿದಳಂತೆ.

ಪ್ಯಾಂಟು ಶನಿವಾರ. ಇದು ಇವತ್ತೇ ಒಯ್ಯಿರಿ.
ಮೊದಲು ಗೇಟು, ಆಮೇಲೆ ಜಗಲಿ, ನಡುವೆ ಒಂದು ರಾತ್ರಿ ಬಿಡಿ.
ಸ್ವರ ಸ್ವಲ್ಪ ಸಣ್ಣ ಉಂಟು,
ಫ್ಯಾನು ಆರಿಸಿ ನೋಡಿ.